ಮೈಕೊ ನಾಝಲ್ ಮತ್ತು ‘ಜರ್ಮನಿ ಮಾಲು’

ಕಬ್ಬಿನ ಹಂಗಾಮಿಗೆ ಮುಂಚೆ ಇದನ್ನ ಬರೀಬೇಕು ಅನಿಸ್ತು. ನಮ್ಮ ಸಾಂಬ್ರಾಣಿ ಕಡೆ ಟ್ರ್ಯಾಕ್ಟರ್ ಕರಿಹೊಗೆ ಬಿಟ್ರೆ ಅಂಗಡೀಲಿ ಕೇಳೋದು ಒಂದೇ, “ಮೈಕೊ ನಾಝಲ್ ಕೊಡ್ರಿ.” ನಮ್ಮಪ್ಪನೂ ಹಂಗೇ ಕೇಳ್ತಿದ್ದ.

ಆ ಹೆಸರು ಬೆಂಗಳೂರಿನದು. ಜರ್ಮನಿಯ ಬಾಷ್ ಕಂಪನಿ 1922ರಿಂದಲೇ ಕಲ್ಕತ್ತಾದ ಏಜೆಂಟರ ಮೂಲಕ ಇಲ್ಲಿ ಮಾಲು ಮಾರುತ್ತಿತ್ತು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದ್ರೆ ಮೈಕೊ, ಹುಟ್ಟಿತು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ತಯಾರಾದವು. ಮುಂದೆ ನಾಸಿಕ್‌ನಲ್ಲೂ ಕಾರ್ಖಾನೆಯಾಗಿ ನಾಝಲ್ ಅಲ್ಲಿಂದ ಬರತೊಡಗಿತು. 2008ರಲ್ಲಿ ಕಂಪನಿ ಹೆಸರೇ ಬಾಷ್ ಲಿಮಿಟೆಡ್ ಆಯ್ತು. ನಮ್ಮ ಬಾಯಿಂದ ಮಾತ್ರ ಮೈಕೊ ಹೋಗ್ಲಿಲ್ಲ. ಯಾರು ಮಾಡಿದ ನಾಝಲ್ ಆದ್ರೂ ಮೈಕೊನೇ, ಮಣ್ಣು ಅಗೆಯೋ ಗಾಡಿಗೆಲ್ಲ ಜೆಸಿಬಿ ಅಂದಂಗೆ.

ಮೋಸ ನುಗ್ಗೋದು ಇಲ್ಲೇ. ಹೋದ ವರ್ಷ ಒಂದು ಅಂಗಡಿಯವ ‘ಒರಿಜಿನಲ್ ಜರ್ಮನಿ’ ಅಂತ ಕೊಟ್ಟ, ನಾನೂ ನಂಬಿದೆ. ಡಬ್ಬಿ ಮೇಲೆ ಜರ್ಮನಿ ಅಂತ ದಪ್ಪಗೆ ಇತ್ತು. ತಯಾರಿಸಿದವರದ್ದಾಗಲಿ ಆಮದು ಮಾಡಿದವರದ್ದಾಗಲಿ ವಿಳಾಸ ಇಲ್ಲ, ತಿಂಗಳು-ವರ್ಷ ಇಲ್ಲ, ಎಂಆರ್‌ಪಿ ಇಲ್ಲ. 2011ರ ಪೊಟ್ಟಣ ನಿಯಮದಂತೆ ಇವೆಲ್ಲ ಇರಲೇಬೇಕು.

ನಾಲ್ಕೇ ಟ್ರಿಪ್ಪಿಗೆ ಮತ್ತೆ ಹೊಗೆ. ಪಂಪ್ ರಿಪೇರಿಯವರು ಟೆಸ್ಟ್ ಬೆಂಚಿಗೆ ಹಾಕಿ ತೋರಿಸಿದ್ರು. ಮಂಜಿನಂಗೆ ಚಿಮ್ಮಬೇಕಾದ ಡೀಸೆಲ್ ಧಾರೆಯಾಗಿ ಬೀಳ್ತಿತ್ತು, ಆಮೇಲೂ ತುದೀಲಿ ಹನಿ. ಒಳಗಿನ ಸೂಜಿ ಮತ್ತು ಅದರ ಗೂಡನ್ನ ಜೋಡಿಯಾಗೇ ಉಜ್ಜಿ ಕೂರಿಸಿರಬೇಕು, ಸಂದು ಮೈಕ್ರಾನ್ ಲೆಕ್ಕದ್ದು. ಹಂಗೇ ಓಡಿಸಿದ್ರೆ ಪಿಸ್ಟನ್ ಸುಡ್ತದೆ ಅಂದ್ರು.

ಈಗ ನಾನು ಮೈಕೊ ಅನ್ನಲ್ಲ, ಜರ್ಮನಿನೂ ಕೇಳಲ್ಲ. ನಾಸಿಕ್‌ನ ಅಸಲಿ ಮಾಲು ಸಾಕು. ಹಳೇ ನಾಝಲ್ ಮೇಲಿನ ನಂಬರ್ ಬರ್ಕೊಂಡು ಹೋಗ್ತೀನಿ, ಬಿಲ್ ತಗೋತೀನಿ, ಎಂಜಿನ್ನಿಗೆ ಹಾಕೋ ಮೊದಲು ಬೆಂಚಿಗೆ ಹಾಕಸ್ತೀನಿ. ಆ ಡಬ್ಬಿ ಇನ್ನೂ ನನ್ನ ಹತ್ರ ಐತಿ, ಬಂದು ನೋಡ್ರಿ.