ಸೋಗು

ರೋಣ, ಗಜೇಂದ್ರಗಡದ ಕಡೆ ಯಾರನ್ನಾದರೂ ‘ಸೋಗಲಾಡಿ’ ಅಂದು ನೋಡಿ, ಜಗಳಕ್ಕೆ ಅಷ್ಟು ಸಾಕು. ಅದೇ ಊರಲ್ಲಿ ದೊಡ್ಡಾಟ ಕಟ್ಟುವಾಗ ‘ಈ ಸಲ ಭೀಮನ ಸೋಗು ಯಾರ್ದು?’ ಅಂತ ಕೇಳಿದರೆ ಮರ್ಯಾದೆಯ ಮಾತು. ಮೊಹರಂ ಬಂದರೆ ಹರಕೆ ಹೊತ್ತವರು ಮೈಗೆ ಬಣ್ಣ ಬಳಿದುಕೊಂಡು ಹುಲಿ ಸೋಗು ಹಾಕುತ್ತಾರೆ. ಪಕ್ಕದಲ್ಲೇ ಕರ್ಬಲಾದ ಸಾವನ್ನು ನೆನೆಯುವ ರಿವಾಯತ್ ಪದ ನಡೆದಿರುತ್ತದೆ. ನಮ್ಮ ಸೋಗು ಮರಾಠಿಯ ‘ಸೋಂಗ’ದ ಒಡಹುಟ್ಟು, ಉರ್ದುವಿನ ‘ಸೋಗ್’ ಅಂದರೆ ಸಾವಿನ ಶೋಕ. ಸಂಬಂಧವಿಲ್ಲದ ಎರಡು ಪದ ಅಲೈ ಕುಣಿಯ ಸುತ್ತ ಹೀಗೆ ಜೊತೆಗೂಡುತ್ತವೆ.

ಹ್ಯಾಮ್ಲೆಟ್ ನಾಟಕ ಹೊರಡುವುದೂ ಇವೆರಡರ ನಡುವಿನಿಂದಲೇ. ಅಪ್ಪ ಸತ್ತು ಎರಡು ತಿಂಗಳಾಗಿಲ್ಲ, ತಾಯಿ ಮೈದುನನ ಕೈ ಹಿಡಿದಿದ್ದಾಳೆ. ಮಣ್ಣಿಗೆ ಬಂದವರಿಗೆ ಮಾಡಿದ ಅಡುಗೆ ತಂಗಳಾಗಿ ಮದುವೆ ಪಂಕ್ತಿಗೆ ಬಂತು ಅಂತ ಮಗ ಕುಟುಕುತ್ತಾನೆ. ಕರಿಬಟ್ಟೆ, ನಿಟ್ಟುಸಿರು, ಕಣ್ಣೀರು ಯಾರು ಬೇಕಾದರೂ ಹಾಕಬಹುದಾದ ಸೋಗು ಅನ್ನುವುದು ಅವನ ವಾದ. ಹಾಗಂದವನೇ ಮುಂದೆ ಹುಚ್ಚಿನ ಸೋಗು ಹಾಕುತ್ತಾನೆ, ಅಪ್ಪನನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್‌ನ ಕಳ್ಳತನ ಹಿಡಿಯಲು ನಾಟಕದವರನ್ನೇ ನೆಚ್ಚುತ್ತಾನೆ! ಕುವೆಂಪು ಈ ಕತೆಯನ್ನು ‘ರಕ್ತಾಕ್ಷಿ’ಯಲ್ಲಿ ಬಿದನೂರಿನ ಅರಮನೆಗೆ ತಂದರು.

ಅಳುವಿನ ವಿಷಯಕ್ಕೆ ಬಂದರೆ ಈ ರಾಜಕುಮಾರನ ಮಾತನ್ನು ನಮ್ಮ ಹೆಣ್ಣುಮಕ್ಕಳು ಒಪ್ಪಲಾರರು. ಹೆಣದ ಮುಂದೆ ಕೂತು ಹಾಡ್ಯಾಡಿ ಅಳುವಾಗ ಸತ್ತವನ ಗುಣ, ಕೊಡಿಸಿದ ಸೀರೆ, ಆಡಿದ ಜಗಳ ಎಲ್ಲವೂ ರಾಗಕ್ಕೆ ಬರುತ್ತವೆ. ಬೀಗರು ಬಾಗಿಲಿಗೆ ಬಂದರೆ ದನಿ ಏರುತ್ತದೆ. ನಡುವೆ ‘ಹುಡುಗಗ ಚಾ ಕೊಟ್ರೇನs?’ ಅಂತ ವಿಚಾರಿಸಿ, ಸೆರಗಿನಿಂದ ಮೂಗೊರೆಸಿಕೊಂಡು ಬಿಟ್ಟಲ್ಲಿಂದಲೇ ಪದ ಹಿಡಿಯುತ್ತಾರೆ. ಪ್ಯಾಟಿಯವರು ಇದನ್ನು ಸೋಗು ಅನ್ನುತ್ತಾರೆ. ಸೋಗೇ ಹೌದು, ದೊಡ್ಡಾಟದ ಅರ್ಥದಲ್ಲಿ. ರಾಗದ ಆಸರೆ ಸಿಗದೆ ಆ ದುಃಖ ಬಾಯಿಗೇ ಬರುವುದಿಲ್ಲ. ನನಗೆ ಅಂಜಿಕೆ ಕ್ಲಾಡಿಯಸ್‌ನಂಥವರದು: ಆಟ ಮುಗಿದು ಬೆಳಗಾದರೂ ಬಣ್ಣ ತೊಳೆಯದೆ ಗಾದಿಯ ಮೇಲೆ ಕೂತವರದು.

ಇಂಥ ನಾಟಕಕ್ಕೆ ಹ್ಯಾಮ್ಲೆಟ್‌ನ ಡೆನ್ಮಾರ್ಕಿಗೇ ಹೋಗಬೇಕಿಲ್ಲ, ನರಗುಂದವಿದೆ. ಅಲ್ಲಿನ ದೊರೆ, ವಾರಸುದಾರನಿಲ್ಲದ ಬಾಬಾಸಾಹೇಬ ಭಾವೆಗೆ ದತ್ತಕಕ್ಕೆ ಕಂಪನಿ ಒಪ್ಪಿಗೆ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಜನ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ನಾಲ್ಕೇ ದಿನದಲ್ಲಿ ಕೋಟೆ ಬಿತ್ತು. ಒಳಗಿನ ಕಾರಭಾರಿಯೇ ಮದ್ದು ಕೆಡಿಸಿದ ಅನ್ನುವುದು ಜನರ ಮಾತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿದ್ದರು. ಅವರ ದುಃಖ ನೋಡಲು ಯಾವ ಬೀಗರೂ ಬಾಗಿಲಲ್ಲಿ ನಿಂತಿರಲಿಲ್ಲ.

ಈ ಕತೆಯಲ್ಲಿ ನನ್ನನ್ನು ಕಾಡುವವನು ರಾಮದುರ್ಗದ ದೊರೆ, ಬಾಬಾಸಾಹೇಬನ ಮಲಸಹೋದರ. ದಂಗೆಗೆ ಬಾ ಎಂದು ನರಗುಂದದಿಂದ ಬಂದ ಪತ್ರವನ್ನು ಅವನು ಮ್ಯಾನ್ಸನ್‌ಗೆ ತೋರಿಸಿದ. ಅವನನ್ನು ಸೋಗಲಾಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಂಪನಿಯ ನಿಷ್ಠ, ರಕ್ತದ ಬಂಧು ಅನ್ನುವ ಎರಡು ಸೋಗು ಒಂದೇ ಮೈಮೇಲಿದ್ದವು; ಪತ್ರ ಕೈಗೆ ಬಂದ ದಿನ ಒಂದನ್ನು ಕಳಚಲೇಬೇಕಿತ್ತು. ಅಣ್ಣತಮ್ಮಿಕೆಯನ್ನು ಕಳಚಿಟ್ಟ. ರಾಮದುರ್ಗ ಸಂಸ್ಥಾನ 1948ರ ವಿಲೀನದ ತನಕ ಉಳಿಯಿತು.