ಕಣಗಿನಹಾಳದ ಸಾಲ, ಕೊಪ್ಪದ ಬಸ್ಸು

ನಮ್ಮ ಮುಳಗುಂದಕ್ಕೆ ಬರುವ ಇತಿಹಾಸಪ್ರಿಯರು ಮೊದಲು ಕೇಳುವುದು ಬಸದಿಗಳ ದಾರಿಯನ್ನು. ಕೇಳಬೇಕಾದದ್ದೇ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಶಕ 824ರಲ್ಲಿ, ಚೀಕಾರ್ಯನೆಂಬವನು ಇಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ ಶಾಸನದಲ್ಲಿದೆ. ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ಮುಗಿಸಿದ್ದು ಈ ಊರಿನಲ್ಲಿಯೇ. ಕಟ್ಟಿಸಿದವನ ಹೆಸರು, ದತ್ತಿ ಕೊಟ್ಟವನ ಹೆಸರು, ದತ್ತಿಯ ಹೊಲ ಎಲ್ಲವೂ ಕಲ್ಲಿನ ಮೇಲೆ ಉಳಿದಿವೆ. ಆ ಕಲ್ಲನ್ನು ಹೊತ್ತು ತಂದವರು ಸಂಜೆ ಯಾವ ಸೂರಿನ ಕೆಳಗೆ ಮಲಗಿದರು, ಎಷ್ಟು ದೂರ ನಡೆದು ಕೆಲಸಕ್ಕೆ ಬಂದರು ಎಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ಬಡವನ ಮನೆ, ಅವನ ದಾರಿ, ಅವನ ದುಡಿಮೆ ಈ ಮೂರರ ಚರಿತ್ರೆಯನ್ನು ನಾವು ಬೇರೆ ಕಡೆ ಹುಡುಕಬೇಕು. ಹಾಗೆ ಹುಡುಕುವವನಿಗೆ ನಮ್ಮ ಗದಗ ತಾಲೂಕಿನಲ್ಲಿಯೇ ಒಂದು ಮೊದಲ ಮೆಟ್ಟಿಲು ಸಿಕ್ಕುತ್ತದೆ.

ಅದಕ್ಕೆ ಮುಂಚೆ ಮನೆಯ ಮಾತು. ನಮ್ಮದು ಎರೆಯ ಸೀಮೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ, ಮಳೆಗಾಲದಲ್ಲಿ ಉಬ್ಬುವ ನೆಲ. ಇಂಥ ನೆಲದಲ್ಲಿ ಗೋಡೆ ನಿಲ್ಲಬೇಕಾದರೆ ಗರಸು ಸಿಗುವವರೆಗೆ ಅಗೆದು ಬುನಾದಿ ಹಾಕಬೇಕು. ಉಳ್ಳವರು ಹಾಕಿದರು. ಇಲ್ಲದವರು ಮೇಲೆಯೇ ಗೋಡೆ ಎಬ್ಬಿಸಿ, ತೊಲೆ ಜಂತಿ ಇಟ್ಟು, ಕರಲು ಮಣ್ಣು ಹರವಿ, ಪ್ರತಿ ಮಳೆಗಾಲದ ಮುಂಚೆ ಮಾಳಿಗೆಯನ್ನು ತುಳಿದು ಗಟ್ಟಿಮಾಡಿಕೊಂಡು ಬಂದರು. ಪ್ಲೇಗು ಬಂದ ವರ್ಷಗಳಲ್ಲಿ ಆ ಮನೆಗಳನ್ನೂ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಊರಿಗೆ ಮರಳಿದಾಗ ಕೆಲವರ ಮನೆ ಬಿದ್ದುಹೋಗಿತ್ತಂತೆ. ಇನ್ನು ಕೆಲವರ ಮನೆ ನಿಂತೇ ಇತ್ತು, ಆದರೆ ಸಾಹುಕಾರನ ಹೆಸರಿಗೆ ಆಗಿತ್ತಂತೆ. ಈ ಎರಡನೆಯ ಬಗೆಯ ನಷ್ಟವನ್ನು ಹೇಳುವಾಗ ಆಕೆಯ ದನಿ ಬದಲಾಗುತ್ತಿತ್ತು.

ಸಾಲವೇ ಆ ಕಾಲದ ದೊಡ್ಡ ರೋಗ. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಬೆನ್ನಿಗೇ 1876-78ರ ಭೀಕರ ಕ್ಷಾಮ ಬಂತು. ಸರಕಾರ ಕಾಯಿದೆ ಮೇಲೆ ಕಾಯಿದೆ ಮಾಡಿತು. ಕೊನೆಗೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷ, 1905ರ ಮೇ 8ರಂದು, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘವನ್ನು ನೋಂದಣಿ ಮಾಡಿಸಿದರು. ಈ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದನ್ನು ಎಲ್ಲರೂ ಕೊಂಡಾಡುತ್ತಾರೆ.

ನನಗೆ ಆ ‘ಮೊದಲು’ ಎಂಬ ಮಾತಿಗಿಂತ ಅದರ ಕರಾರು ದೊಡ್ಡದಾಗಿ ಕಾಣುತ್ತದೆ. ಆ ಕಾಯಿದೆಯ ಪ್ರಕಾರ ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಒಕ್ಕಲಿಗರೇ ಇರಬೇಕು; ಹೊಣೆಗೆ ಮಿತಿಯಿಲ್ಲ. ಎಂದರೆ ಒಬ್ಬ ಸಾಲ ತೀರಿಸದೆ ಹೋದರೆ ಉಳಿದ ಸದಸ್ಯರ ಹೊಲ ಮನೆಗಳೂ ಅದಕ್ಕೆ ಜವಾಬು. ನೆರೆಯವನ ಎತ್ತಿಗೆ ನಾನು ನನ್ನ ಮನೆಯನ್ನು ಒತ್ತೆಯಿಟ್ಟಂತೆ. ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಎಂಥ ನಂಬಿಕೆ ಬೇಕು! ಇಂದು ನಾವು ಒಂದು ಜಾಮೀನಿಗೆ ಸಹಿ ಹಾಕಲು ಮೂರು ದಿನ ಯೋಚಿಸುತ್ತೇವೆ.

ಆದರೆ 1904ರ ಕಾಯಿದೆ ಪತ್ತಿಗೆ ಮಾತ್ರ ಇತ್ತು. ಕಣಗಿನಹಾಳದವರು ಒಟ್ಟುಗೂಡಿ ಬೀಜಕ್ಕೆ, ಎತ್ತಿಗೆ ಸಾಲ ಪಡೆಯಬಹುದಾಗಿತ್ತು. ಒಟ್ಟುಗೂಡಿ ಮನೆ ಕಟ್ಟುವ ಸಂಘವೊಂದನ್ನು ಮಾಡಿಕೊಳ್ಳುವಂತಿರಲಿಲ್ಲ. ಅದೇ 1905ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಸಹಕಾರ ಕಾನೂನನ್ನು ಮಾಡಿ, ಪತ್ತಿನ ಹೊರತಾದ ಉದ್ದೇಶಗಳಿಗೂ ಬಾಗಿಲು ತೆರೆದಿಟ್ಟಿತು. ಅದರ ಫಲವಾಗಿ 1909ರಲ್ಲಿ ಬೆಂಗಳೂರು ಕಟ್ಟಡ ಸಹಕಾರಿ ಸಂಘ ಹುಟ್ಟಿತು. ಭಾರತದ ಗೃಹನಿರ್ಮಾಣ ಸಹಕಾರದ ಚರಿತ್ರೆ ಅಲ್ಲಿಂದಲೇ ಆರಂಭ. ಬ್ರಿಟಿಷ್ ಭಾರತಕ್ಕೆ ಆ ಅವಕಾಶ ಸಿಕ್ಕಿದ್ದು 1912ರ ಕಾಯಿದೆಯಿಂದ. ಮುಂಬಯಿಯ ಗಾಮದೇವಿಯಲ್ಲಿ ಶ್ರೀಪಾದ ಸುಬ್ಬರಾವ ತಾಲ್ಮಕಿಯವರ ಮುಂದಾಳುತನದಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನಿಂತದ್ದು 1915ರಲ್ಲಿ. ಜನರಲ್ಲಿ ಕಟ್ಟುವ ಶಕ್ತಿ ಇರುತ್ತದೆ, ಕಾನೂನಿನ ಒಂದು ಸಾಲು ಅದನ್ನು ಏಳು ವರ್ಷ ತಡೆದು ನಿಲ್ಲಿಸಬಲ್ಲದು.

ಇಷ್ಟು ಹೇಳಿದ ಮೇಲೆ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ಮೊದಲ ಗೃಹಸಂಘಗಳು ತಿಂಗಳ ಸಂಬಳ ಕಾಣುವವರಿಗೆ ಒಗ್ಗುವಂಥವು. ಕಂತು ಕಟ್ಟಲು ಕಂತಿನಂತೆ ಬರುವ ವರಮಾನ ಬೇಕಲ್ಲ! ಬೆಟಗೇರಿಯ ನೇಕಾರನನ್ನು ನೋಡಿರಿ. ಅವನ ಮನೆಯೇ ಅವನ ಕಾರಖಾನೆ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯಬೇಕು. ಬಾಡಿಗೆ ಮನೆಯಲ್ಲಿ ಕುಣಿ ತೋಡಲು ಮಾಲಕನ ಅಪ್ಪಣೆ ಬೇಕು. ತಗ್ಗಿನ ಮನೆಯಾದರೆ ಮಳೆಗಾಲದಲ್ಲಿ ಕುಣಿಗೆ ನೀರು ಜಿನುಗಿ ಮಗ್ಗ ನಿಲ್ಲುತ್ತದೆ. ಇಂಥವನಿಗೆ ಮನೆಯ ಪ್ರಶ್ನೆ ಬೇರೆ, ಕೆಲಸದ ಪ್ರಶ್ನೆ ಬೇರೆ ಎಂದು ಎರಡು ಇಲಾಖೆಗಳು ಎರಡು ಕಡತಗಳನ್ನು ತೆರೆದರೆ ಅವನು ಯಾವ ಬಾಗಿಲಿಗೆ ಹೋಗಬೇಕು? ಕೂಲಿಕಾರನ ಮಾತು ಇನ್ನೂ ಕಷ್ಟ. ತಾನು ಮಲಗುವ ಜಾಗವೇ ಅವನದಲ್ಲ. ದೇವರಾಜ ಅರಸರ ಆಡಳಿತದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯ ಕಾಲಕ್ಕೆ, ಒಡೆಯನ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ಜಾಗದ ಮೇಲೆ ಹಕ್ಕು ಎಂಬ ಮಾತು ಕಾನೂನಿನ ಪುಸ್ತಕದಲ್ಲಿ ಗಟ್ಟಿಯಾಗಿ ನಿಂತಿತು. ಜನತಾ ಮನೆಗಳೂ ಬಂದವು. ಇದು ನೆರೆಯವರ ಹೆಬ್ಬೆಟ್ಟಿನಿಂದ ಆಗುವ ಕೆಲಸವಾಗಿರಲಿಲ್ಲ, ಸರಕಾರವೇ ಮಾಡಬೇಕಾಗಿತ್ತು.

ಮನೆ ಸಿಕ್ಕಿತೆನ್ನಿ, ಕೆಲಸ ಎಲ್ಲಿದೆ, ಅಲ್ಲಿಗೆ ಹೋಗುವುದು ಹೇಗೆ? ಕ್ಷಾಮದಲ್ಲಿ ಕಾಳು ಸಾಗಿಸಲಾಗದೆ ಜನ ಸತ್ತ ಮೇಲೆ ಸದರ್ನ್ ಮರಾಠಾ ರೈಲ್ವೆ ಬಂದಿತು. 1884ರಲ್ಲಿ ಗದಗಿಗೆ ರೈಲು ಮುಟ್ಟಿತು. ಕಾಳು ತರಲೆಂದು ಹಾಕಿದ ಹಳಿಗಳ ಮೇಲೆ ಹೆಚ್ಚಾಗಿ ನಮ್ಮ ಹತ್ತಿಯೇ ಹೊರಗೆ ಹೋಯಿತೆಂಬುದು ಬೇರೆ ಮಾತು. ಮುಳಗುಂದ ಆ ಹಳಿಯ ಮೇಲಿಲ್ಲ. ನಮಗೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ರಸ್ತೆಯೇ ಗತಿ. ಆ ರಸ್ತೆಯೂ ಎಂಥದು! ಮುಳಗುಂದ ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿ, ಮುಂದಿನ ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿಯವರದು. ಸಂತೆಗೆ ಹೋಗುವವನು ಅರ್ಧ ದಿನದಲ್ಲಿ ಮೂರು ಆಳ್ವಿಕೆಗಳ ನೆಲ ತುಳಿಯುತ್ತಿದ್ದ. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ಸರಕಾರಿ ಬಸ್ಸು ಓಡಲಾರಂಭಿಸಿತು. ಅತ್ತ ಮೈಸೂರಿನಲ್ಲಿಯೂ ಸೆಪ್ಟೆಂಬರ್ 12ರಂದು ಸರಕಾರಿ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಹೊರಟಿತು. 1961ರಲ್ಲಿ ನಿಗಮವಾಯಿತು, 1997ರಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ವಾಯವ್ಯ ನಿಗಮವಾಯಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ. ಇದನ್ನು ಹಳಿಯುವವರನ್ನು ನಾನು ಬಲ್ಲೆ. ಕೂಲಿಯಲ್ಲಿ ಬಸ್ಸಿನ ದುಡ್ಡು ಕಳೆದು ಉಳಿದದ್ದನ್ನು ಸೆರಗಿನ ಗಂಟಿನಲ್ಲಿ ಎಣಿಸುವ ಹೆಂಗಸನ್ನು ಅವರು ಒಮ್ಮೆ ನೋಡಬೇಕು.

ಬಸ್ಸನ್ನು ಸರಕಾರವೇ ಓಡಿಸಬೇಕೇ, ಇಲ್ಲವೆ ಧಣಿಯೇ ಓಡಿಸಬೇಕೇ? ಮೂರನೆಯ ದಾರಿಯೊಂದನ್ನು ಮಲೆನಾಡಿನ ಕೊಪ್ಪದವರು ತೋರಿಸಿಕೊಟ್ಟರು. ಅಲ್ಲಿಯ ಖಾಸಗಿ ಕಂಪನಿಯೊಂದರ ಬಸ್ಸುಗಳು ನಿಂತುಹೋದಾಗ, ಅದರ ಚಾಲಕರು, ನಿರ್ವಾಹಕರು, ಕೆಲಸಗಾರರು 1991ರಲ್ಲಿ ತಾವೇ ಷೇರು ಹಾಕಿ ‘ಸಹಕಾರ ಸಾರಿಗೆ’ಯನ್ನು ಕಟ್ಟಿದರು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟದ್ದು ಎಪ್ಪತ್ತರ ಆಸುಪಾಸಿಗೆ ಏರಿತು. ಸ್ಟಿಯರಿಂಗ್ ಹಿಡಿದವನೇ ಬಸ್ಸಿನ ಒಡೆಯ. ದೊಡ್ಡ ಬಸ್ಸು ಬಾರದ ಘಟ್ಟದ ಹಳ್ಳಿಗಳಿಗೆ ಅದು ಹೋಯಿತು, ಶಾಲೆಯ ಮಕ್ಕಳನ್ನು ರಿಯಾಯಿತಿಯಲ್ಲಿ ಕರೆದೊಯ್ದಿತು. ಸುಮಾರು ಮೂರು ದಶಕ ನಡೆಯಿತು. ಡೀಸೆಲಿನ ಬೆಲೆ ಏರುತ್ತ, ನಷ್ಟ ಬೆಳೆಯುತ್ತ, 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಸಹಕಾರ ಸೋತಿತೆಂದು ಕೆಲವರು ಇದನ್ನು ಉದಾಹರಿಸುತ್ತಾರೆ. ನಾನು ಹಾಗೆ ಓದಲಾರೆ. ಲಾಭವಿಲ್ಲದ ಹಳ್ಳಿಯ ದಾರಿಯಲ್ಲಿ ಓಡುವ ಬಸ್ಸು ಊರಿನ ಬಾವಿಯಂತೆ. ಬಾವಿಗೆ ವರ್ಷಕ್ಕೆಷ್ಟು ಲಾಭವೆಂದು ಯಾರೂ ಕೇಳುವುದಿಲ್ಲ. ಹೂಳು ತೆಗೆಯಲು ಎಲ್ಲರೂ ಕೈಹಾಕುತ್ತಾರೆ. ಕೊಪ್ಪದ ಬಾವಿಯ ಹೂಳನ್ನು ಕಾರ್ಮಿಕರು ತಾವೇ ತೆಗೆಯುತ್ತ ತೆಗೆಯುತ್ತ ದಣಿದರು.

ಇನ್ನು ದುಡಿಮೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರಖಾನೆಗೆಂದು ಮೂರು ಸಾವಿರ ಎಕರೆಗೂ ಮೇಲ್ಪಟ್ಟ ಭೂಮಿಯನ್ನು ಕೇಳಿದಾಗ ರೈತರು ಒಲ್ಲೆನೆಂದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಅವರ ಮುಂದೆ ನಿಂತರು. 2013ರಲ್ಲಿ ಕಂಪನಿ ಹಿಂದೆ ಸರಿಯಿತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಹೊಲ ಉಳಿಯಿತು, ಗುಡ್ಡ ಉಳಿಯಿತು. ಆದರೆ ಹುಡುಗರು ಕೆಲಸ ಹುಡುಕಿಕೊಂಡು ಊರು ಬಿಡುವುದು ನಿಲ್ಲಲಿಲ್ಲ. ಬೇಡವೆಂದದ್ದು ಸರಿ. ಬೇಕೆನ್ನಬೇಕಾದದ್ದು ಏನು ಎಂಬುದನ್ನೂ ನಾವೇ ಹೇಳಬೇಕಲ್ಲವೇ?

ಉತ್ತರ ನಮ್ಮ ತಲೆಯ ಮೇಲೆಯೇ ತಿರುಗುತ್ತಿದೆ. ನಮ್ಮ ಜಿಲ್ಲೆಯ ಗಾಳಿಗೆ ಹೆಸರಿದೆ. ದಿಬ್ಬಗಳ ಮೇಲೆ ಸಾಲು ಸಾಲಾಗಿ ಗಾಳಿಯಂತ್ರಗಳು ನಿಂತಿವೆ. ಹೊಗೆಯಿಲ್ಲದ ವಿದ್ಯುತ್ತು, ಒಳ್ಳೆಯದೇ. ಆದರೆ ಯಂತ್ರ ಕಂಪನಿಯದು. ನಿಲ್ಲಿಸಿ ಆದ ಮೇಲೆ ಅದನ್ನು ಕಾಯಲು ಹೆಚ್ಚು ಜನ ಬೇಕಿಲ್ಲ. ಬೆಳಗಾವಿ ಸೀಮೆಯ ಹುಕ್ಕೇರಿಯಲ್ಲಿ 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಗಿ, ಮನೆಮನೆಗೆ ವಿದ್ಯುತ್ತು ಹಂಚಿತು. ಹಂಚುವುದಕ್ಕೆ ಸಂಘ ಆಗಬಹುದಾದರೆ, ಗಾಳಿಯಂತ್ರಕ್ಕೂ ಸಂಘವೇಕಾಗಬಾರದು? ಯಂತ್ರದ ಕೆಳಗಿನ ಹೊಲದವನಿಗೆ, ಹೊಲವಿಲ್ಲದ ಅವನ ಆಳಿಗೆ ಅದರಲ್ಲಿ ಒಂದು ಪಾಲು, ಅವರ ಮಕ್ಕಳಿಗೆ ಅದರ ದುರಸ್ತಿಯ ವಿದ್ಯೆ ಇಷ್ಟನ್ನು ಕರಾರಿನಲ್ಲಿ ಬರೆಸಿಕೊಳ್ಳಲು, 1905ರ ಜನಕ್ಕಿಂತ ನಮಗೇನು ಕಡಿಮೆಯಾಗಿದೆ?

ನಮ್ಮ ಭಾಗದ ಒಂದು ಊರಿನ ಹೊರಗೆ, ಎರಡು ಮೈಲು ದೂರದಲ್ಲಿ, ಬಡವರಿಗೆಂದು ಕಟ್ಟಿದ ಮನೆಗಳ ಸಾಲೊಂದಿದೆ. ಊರ ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ನಾನು ನೋಡಿದಾಗ ಅರ್ಧಕ್ಕರ್ಧ ಬಾಗಿಲುಗಳಿಗೆ ಬೀಗವಿತ್ತು. ಒಂದರಲ್ಲಿ ಆಡುಗಳನ್ನು ಕೂಡಿದ್ದರು. ಮನೆ ಚೆನ್ನಾಗಿಯೇ ಇತ್ತು, ಕೆಲಸಕ್ಕೆ ಹೋಗಲು ಬಸ್ಸಿರಲಿಲ್ಲ. ಈ ಸಲ ಹೋದಾಗ ಕೆಲವು ಬೀಗಗಳು ತೆಗೆದಿದ್ದವು. ಕಟ್ಟೆಯ ಮೇಲೆ ಕುಳಿತ ಹೆಣ್ಣುಮಗಳನ್ನು ಬಸ್ಸು ಬರುತ್ತದೆಯೇ ಎಂದು ಕೇಳಿದೆ. “ಮುಂಜಾನಿದು ಬರ್ತೈತ್ರಿ ಅಜ್ಜಾರ, ಸಂಜೀದು ನೆಚ್ಚಿಗಿಲ್ರಿ” ಎಂದಳು. ಹೊತ್ತು ಇಳಿಯುವವರೆಗೆ ಆಕೆಯ ಜೊತೆ ಕಾದೆ. ಬಸ್ಸು ಬರಲಿಲ್ಲ, ಒಬ್ಬ ಹುಡುಗ ತನ್ನ ಟ್ರ್ಯಾಕ್ಟರಿನಲ್ಲಿ ನನ್ನನ್ನು ಮುಳಗುಂದದ ರಸ್ತೆಗೆ ತಂದು ಬಿಟ್ಟ.