ಹಲಗಲಿಯ ದಂಗೆ ಮತ್ತು ಮನೆವಾರ್ತೆ: ಲಾವಣಿಯೊಂದರ ಸಾಕ್ಷ್ಯ

1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದ ಸಂಗತಿ ಸಮೀರವಾಡಿ, ಮುಧೋಳ, ಜಮಖಂಡಿ ಕಡೆಯವರಿಗೆ ಹೊಸದಲ್ಲ. ದಂಗೆಯ ಮುಂದಾಳುಗಳಾದ ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಶಾಲೆಯ ಮಕ್ಕಳಿಗೂ ಗೊತ್ತು. ಊರನ್ನು ಮುತ್ತಿದ ಬ್ರಿಟಿಷ್ ಸೇನಾಧಿಕಾರಿ ಮಾಲ್ಕಂನ ದಂಡಿನಲ್ಲಿ ಇದೇ ನಾಡಿನ ಸವಾರರಿದ್ದರು. ಮುಧೋಳದ ಘೋರ್ಪಡೆ ಸಂಸ್ಥಾನವೂ ಕಂಪನಿ ಸರ್ಕಾರದ ಪಕ್ಷದಲ್ಲಿತ್ತು. ಈ ಅರ್ಥದಲ್ಲಿ ಹಲಗಲಿಯದು ಒಳಯುದ್ಧವೂ ಹೌದು.

ಸರ್ಕಾರಿ ದಾಖಲೆಗಳು ಎಣಿಸಿದ್ದು ಹೆಣ, ಸೆರೆ, ಗಲ್ಲುಗಳನ್ನು: ಸತ್ತವರು ಸುಮಾರು 100, ಸೆರೆಸಿಕ್ಕವರು 290, ಡಿಸೆಂಬರ್ 11ರಂದು ಮುಧೋಳದಲ್ಲಿ ಗಲ್ಲಿಗೇರಿದವರು 13, ಡಿಸೆಂಬರ್ 14ರಂದು ಹಲಗಲಿಯಲ್ಲಿ 6. ಒಲೆಯ ಮುಂದಿದ್ದವರ ಪಾಡು ತಿಳಿಯಬೇಕಾದರೆ ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಹಲಗಲಿಯ ಲಾವಣಿಗೇ ಬರಬೇಕು.

ಅದರ ಕೊನೆಯ ಭಾಗದಲ್ಲಿ ಲೂಟಿಯಾದ ವಸ್ತುಗಳ ಪಟ್ಟಿಯಿದೆ. ಹಾಲು, ಮೊಸರು, ಬೆಣ್ಣೆ ಹೋದವು. ಜೀರಿಗೆ, ಅರಿಶಿನ, ಎಣ್ಣೆ, ಉಪ್ಪು ಹೋದವು. ಗಂಗಾಳ, ಚರಿಗೆ, ಕೊಡಲಿ, ಕುಡ ಹೋದವು. ಬೇಟೆಯವರೆಂದು ನಾವು ಸಲೀಸಾಗಿ ಕರೆಯುವ ಈ ಜನರ ಮನೆಯಲ್ಲಿ ಕರೆಯುವ ದನವಿತ್ತು, ಒಕ್ಕಲುತನದ ಸಾಮಾನಿತ್ತು ಎಂಬುದು ಇಲ್ಲಿ ಸ್ಪಷ್ಟ. ಆದರೂ ಪಟ್ಟಿಯನ್ನು ಪಂಚನಾಮೆಯಂತೆ ಓದಲಾಗದು. ಜೋಳದ ಸೀಮೆಯಲ್ಲಿ ಅಕ್ಕಿ, ಸಕ್ಕರೆ ಹಬ್ಬದ ದಿನಸಿ. ಅವನ್ನೂ ಸೇರಿಸಿದ ಲಾವಣಿಕಾರ ಊರಿನ ಸಿರಿಯನ್ನು ತುಸು ಏರಿಸಿಯೇ ಹಾಡಿರಬೇಕು. (ಪ್ರಾಸದ ಒತ್ತಾಯವನ್ನೂ ಮರೆಯುವಂತಿಲ್ಲ.)

ಅದೇ ಪಟ್ಟಿಯಲ್ಲಿರುವ ಬೀಸುಕಲ್ಲಿನ ಮಾತು ಬೇರೆ. ಕಬ್ಬಿಣ, ಹಿತ್ತಾಳೆಗೆ ಪೇಟೆಯಲ್ಲಿ ಬೆಲೆಯುಂಟು. ಆ ಭಾರದ ಕಲ್ಲನ್ನು ಹೊತ್ತು ದಂಡಿನವರಿಗೆ ಆಗಬೇಕಾದ್ದೇನು? ಒಯ್ದರೋ ಒಡೆದರೋ, ಮರುದಿನ ಹಿಟ್ಟಿಲ್ಲ, ರೊಟ್ಟಿಯಿಲ್ಲ. ಮಂಗಳಸೂತ್ರವೂ ಪಟ್ಟಿಯಲ್ಲಿದೆ. ಗಂಡಂದಿರು ಸತ್ತ, ಗಲ್ಲಿಗೇರಿದ ಊರಿನಲ್ಲಿ ಅದನ್ನು ಕೇವಲ ಒಡವೆಯ ಲೆಕ್ಕದಲ್ಲಿ ಹಿಡಿಯುವುದು ಕಷ್ಟ. ಆಮೇಲೆ ಊರಿಗೇ ಬೆಂಕಿ ಬಿತ್ತು.

ಪ್ರತಿರೋಧದ ಕಾರಣವನ್ನೂ ಮನೆಯೊಳಗಿಂದಲೇ ನೋಡುವುದು ಯುಕ್ತ. ಬೇಡರಿಗೆ ಆಯುಧವೆಂದರೆ ಬೇಟೆ, ಹೊಲಗಾವಲು, ಚಾಕರಿ. ಮೂರೂ ಮನೆಯ ಗಳಿಕೆಯ ದಾರಿಗಳು. ಶೌರ್ಯವೊಂದನ್ನೇ ಮುಂದಿಟ್ಟು ಬರೆದ ನಮ್ಮ ಚರಿತ್ರೆಗಳು ಈ ಸಂಸಾರದ ಲೆಕ್ಕಾಚಾರವನ್ನು ಬದಿಗೆ ಸರಿಸಿವೆ. ಹಲಗಲಿಯ ಹಳೆಯ ಮನೆತನಗಳ ಹೆಣ್ಣುಮಕ್ಕಳನ್ನು ಕಂಡು, ಅಜ್ಜಿಯರಿಂದ ಕೇಳಿದ್ದೇನೆಂದು ವಿಚಾರಿಸಿ ದಾಖಲಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.